ಹೋಗಿ ಬಾ ಎಂದು ಕಳಿಸಿದವರು

ಲಂಡನ್ನಿನ ಲಿವರ್‌ಪೂಲ್ ಸ್ಟ್ರೀಟ್ ಸ್ಟೇಷನ್ನಿನ ಹೊರಗಡೆ ಐದು ಮಕ್ಕಳು ನಿಂತಿದ್ದಾರೆ. ಕಂಚಿನ ಮಕ್ಕಳು. ಪಕ್ಕದಲ್ಲಿ ಅವರ ಸೂಟ್‌ಕೇಸುಗಳು, ಒಬ್ಬಳ ಕೈಯಲ್ಲಿ ಕರಡಿ ಬೊಂಬೆ, ಒಂದು ತುಂಡು ರೈಲುಹಳಿ. ಎಸೆಕ್ಸ್ ಕಡೆಯಿಂದ ರೈಲಿನಲ್ಲಿ ಬಂದು ಇಲ್ಲಿ ಇಳಿದು ಆಫೀಸಿಗೆ ಹೋಗುವ ನಾನು ಹನ್ನೊಂದು ವರ್ಷದಿಂದ ಅವರ ಪಕ್ಕದಲ್ಲೇ ಓಡಾಡುತ್ತಿದ್ದೇನೆ. ಮಳೆ ಬಂದ ದಿನ ಆ ಮಕ್ಕಳ ಗಲ್ಲದ ಮೇಲೆ ನೀರು ಇಳಿಯುತ್ತಿರುತ್ತದೆ. ಬಿಸಿಲಿದ್ದರೆ ಯಾರಾದರೂ ಆ ಕಂಚಿನ ಪೆಟ್ಟಿಗೆಯ ಮೇಲೆ ಕೂತು ಸ್ಯಾಂಡ್‌ವಿಚ್ ತಿನ್ನುತ್ತಿರುತ್ತಾರೆ.

ಹೋದ ವರ್ಷ ಜೂನ್‌ನಲ್ಲಿ ಅಮ್ಮ ತೀರ್ಥಹಳ್ಳಿಯಿಂದ ಬಂದಿದ್ದಳು. ಪೇಟೆ ತೋರಿಸಲು ಕರೆದುಕೊಂಡು ಹೋದ ಮೊದಲ ದಿನವೇ ಅಲ್ಲಿ ನಿಂತುಬಿಟ್ಟಳು.

"ಯಾರ ಮಕ್ಕಳೇ ಇವು?"

"ಹಿಟ್ಲರನ ಕಾಟ ತಪ್ಪಿಸ್ಕೊಂಡು ಬಂದ ಯೆಹೂದಿ ಮಕ್ಕಳಮ್ಮ. ಯುದ್ಧಕ್ಕೆ ಸ್ವಲ್ಪ ಮುಂಚೆ."

"ಅಪ್ಪ ಅಮ್ಮ ಎಲ್ಲಿ?"

"ಅವರಿಗೆ ಬರಕ್ಕೆ ಬಿಡಲಿಲ್ಲ."

"ಯಾರು ಬಿಡಲಿಲ್ಲ? ಆ ಕಡೆಯೋರೋ, ಈ ಕಡೆಯೋರೋ?"

ಆ ಕಡೆಯವರು ಅನ್ನುವ ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು. ಆದರೆ ಅದು ಖಚಿತವಾಗಿ ಗೊತ್ತಿದ್ದ ಮಾತಲ್ಲ, ಹಾಗೆಂದುಕೊಂಡಿದ್ದ ಮಾತು. ಅಮ್ಮ ನನ್ನ ಮುಖ ನೋಡಿದಳು, ಮತ್ತೆ ಕೇಳಲಿಲ್ಲ. ಆಮೇಲೆ ಅವಳು ನಮ್ಮ ಮನೆಯಲ್ಲಿದ್ದ ಐದು ತಿಂಗಳೂ ರಾತ್ರಿ ಮಗನನ್ನು ಮಲಗಿಸಿ ಬಂದು ನಾನು ಓದಿದ್ದು ಇದನ್ನೇ.

1938ರ ನವೆಂಬರ್ 9ರ ರಾತ್ರಿ ಮತ್ತು ಮಾರನೆಯ ದಿನ ಜರ್ಮನಿ, ಆಸ್ಟ್ರಿಯಾಗಳ ಉದ್ದಗಲಕ್ಕೂ ಯೆಹೂದಿಗಳ ಪ್ರಾರ್ಥನಾ ಮಂದಿರಗಳಾದ ಸಿನಗಾಗ್‌ಗಳಿಗೆ ಬೆಂಕಿ ಬಿತ್ತು, ಅಂಗಡಿಗಳ ಗಾಜು ಬೀದಿಗೆ ಬಿತ್ತು. ಸುಮಾರು 30,000 ಯೆಹೂದಿ ಗಂಡಸರನ್ನು ಹಿಡಿದು ಡಾಖಾವ್, ಬುಖೆನ್‌ವಾಲ್ಡ್, ಸಾಕ್ಸೆನ್‌ಹೌಸೆನ್ ಕ್ಯಾಂಪುಗಳಿಗೆ ತಳ್ಳಿದರು. ನನಗೆ ಗೊತ್ತಿಲ್ಲದಿದ್ದದ್ದು ಮುಂದಿನ ಸಂಗತಿ. ದೇಶ ಬಿಟ್ಟು ಹೋಗುತ್ತೇವೆಂದು ಕಾಗದಪತ್ರ ತೋರಿಸಿದವರನ್ನು ಆಗಿನ್ನೂ ಬಿಡುತ್ತಿದ್ದರು. ಆಸ್ತಿ, ದುಡ್ಡು, ಒಡವೆ ಎಲ್ಲ ಕಿತ್ತುಕೊಂಡು, ಬರಿಗೈಯಲ್ಲಿ ತೊಲಗಿ ಎನ್ನುವುದೇ ಆಗ ನಾಜಿಗಳ ನೀತಿಯಾಗಿತ್ತು. ಯೆಹೂದಿಗಳು ಹೊರಗೆ ಹೋಗುವುದನ್ನೇ ನಿಷೇಧಿಸಿದ್ದು 1941ರ ಅಕ್ಟೋಬರಿನಲ್ಲಿ. ಅಂದರೆ ಆ ನವೆಂಬರಿನಿಂದ ಯುದ್ಧ ಶುರುವಾಗುವವರೆಗಿನ ಹತ್ತು ತಿಂಗಳು ಆ ಕಡೆಯವರು ಕತ್ತು ಹಿಡಿದು ಹೊರಗೆ ದಬ್ಬುತ್ತಿದ್ದರು. ಹೋಗಲು ಜಾಗ ಇರಲಿಲ್ಲ. ಊರೂರಿನ ರಾಯಭಾರ ಕಚೇರಿಗಳ ಮುಂದೆ ಸಾಲು ನಿಂತವರಿಗೆ ವೀಸಾ ಕೊಡುವವರಿರಲಿಲ್ಲ.

ಬ್ರಿಟನ್ನಿನಲ್ಲಿ ಆಗ ನಿರುದ್ಯೋಗ ಜೋರಾಗಿತ್ತು. ಹೊರಗಿನ ದೊಡ್ಡವರು ಬಂದರೆ ಇಲ್ಲಿಯವರ ಕೆಲಸಕ್ಕೆ ಕುತ್ತು ಎಂಬ ಕೂಗು ಸರ್ಕಾರಕ್ಕೆ ಹೆದರಿಕೆ ಹುಟ್ಟಿಸಿತ್ತು. ಮಕ್ಕಳು ಯಾರ ಕೆಲಸವನ್ನೂ ಕಸಿಯುವುದಿಲ್ಲ. ನವೆಂಬರ್ 15ರಂದು ಬ್ರಿಟಿಷ್ ಯೆಹೂದಿ ಮುಖಂಡರು ಪ್ರಧಾನಿ ಚೇಂಬರ್ಲೇನರನ್ನು ಕಂಡರು. 21ರಂದು ಗೃಹಮಂತ್ರಿ ಸ್ಯಾಮ್ಯುಯೆಲ್ ಹೋರ್ ಪಾರ್ಲಿಮೆಂಟಿನಲ್ಲಿ ಒಪ್ಪಿಗೆ ಪ್ರಕಟಿಸಿದರು. ಹದಿನೇಳು ತುಂಬದ ಮಕ್ಕಳು ಬರಬಹುದು, ಒಂಟಿಯಾಗಿ ಬರಬೇಕು, ಅವರ ಖರ್ಚು ಸರ್ಕಾರದ ತಲೆಯ ಮೇಲೆ ಬೀಳಕೂಡದು. ಮುಂದೆ ಮಗುವೊಂದಕ್ಕೆ 50 ಪೌಂಡ್ ಜಾಮೀನು ಹಣವೂ ಸೇರಿಕೊಂಡಿತು, ಇಲ್ಲಿಂದ ಅವರು ಬೇರೆ ದೇಶಕ್ಕೆ ಹೊರಟಾಗ ಆಗುವ ಖರ್ಚಿಗೆ ಅಂತ. ಯಾಕೆಂದರೆ ಇದೆಲ್ಲ ತಾತ್ಕಾಲಿಕ ಎಂದೇ ಎಲ್ಲರ ಎಣಿಕೆಯಾಗಿತ್ತು.

ಹೋರ್ ಅಂದು ಹೇಳಿದ ಒಂದು ಮಾತು ನನ್ನ ತಲೆಯಿಂದ ಇಳಿಯುವುದೇ ಇಲ್ಲ. ಜರ್ಮನಿಯ ಯೆಹೂದಿ ತಂದೆತಾಯಂದಿರು ಮಕ್ಕಳನ್ನು ಅಗಲಲು ಒಪ್ಪುತ್ತಾರೆಯೇ ಎಂದು ತಾವು ವಿಚಾರಿಸಿದ್ದಾಗಿಯೂ, ಹೆಚ್ಚುಕಡಿಮೆ ಎಲ್ಲರೂ ಒಪ್ಪಿದ್ದಾಗಿಯೂ ಅವರು ಸಭೆಗೆ ತಿಳಿಸಿದರು. ಮಕ್ಕಳನ್ನು ಕಳಿಸುತ್ತೀರಾ ಎಂದು ಕೇಳಿದರು, ಕಳಿಸುತ್ತೇವೆ ಅಂದರು. ನೀವೂ ಬರುತ್ತೀರಾ ಎಂದು ಕೇಳಿದ್ದರೆ ಏನು ಉತ್ತರ ಬರುತ್ತಿತ್ತು ಎನ್ನುವುದಕ್ಕೆ ವಿಚಾರಣೆ ಬೇಕಾಗಿರಲಿಲ್ಲ.

ಅಷ್ಟಾದರೂ ಬ್ರಿಟನ್ ಮಾಡಿತು, ಅದನ್ನು ಮರೆಮಾಚಿ ಬರೆಯಲಾರೆ. ಹತ್ತು ತಿಂಗಳಲ್ಲಿ ಸುಮಾರು 10,000 ಮಕ್ಕಳು ಬಂದರು. ಅಮೆರಿಕದಲ್ಲಿ 20,000 ಮಕ್ಕಳನ್ನು ಕರೆಸಿಕೊಳ್ಳುವ ಮಸೂದೆಯೊಂದು 1939ರಲ್ಲಿ ಬಂದಿತ್ತು, ಓಟಿಗೂ ಬರದೆ ಸತ್ತಿತು.

ಮೊದಲ ರೈಲು ಡಿಸೆಂಬರ್ 1ರಂದು ಬರ್ಲಿನ್ನಿನಿಂದ ಹೊರಟಿತು. ಸುಮಾರು ಇನ್ನೂರು ಮಕ್ಕಳು. ಅವರಲ್ಲಿ ಬಹಳಷ್ಟು ಮಂದಿ ನವೆಂಬರಿನ ಗಲಭೆಯಲ್ಲಿ ಹಾಳಾದ ಅನಾಥಾಲಯದವರು. ವಿಯೆನ್ನಾದಲ್ಲಿ ದಾರಿ ತೆರೆದವರು ಹಾಲೆಂಡಿನ ಒಬ್ಬ ಹೆಂಗಸು, ಟ್ರೂಸ್ ವೈಸ್‌ಮುಲ್ಲರ್. ಸ್ವಂತ ಮಕ್ಕಳಿಲ್ಲದ ಈಕೆಯನ್ನು ಮುಂದೆ ಮಕ್ಕಳು 'ಟ್ರೂಸ್ ಚಿಕ್ಕಮ್ಮ' ಎನ್ನುವ ಅರ್ಥ ಬರುವಂತೆ ಕರೆದರು. ಅವರು ನೇರವಾಗಿ, ಯೆಹೂದಿಗಳನ್ನು ಹೊರಗಟ್ಟುವ ಕೆಲಸ ಹೊತ್ತಿದ್ದ ನಾಜಿ ಅಧಿಕಾರಿ ಅಡಾಲ್ಫ್ ಐಖ್‌ಮನ್ನನ ಕಚೇರಿಗೇ ಹೋದರು. ಅವನು 600 ಮಕ್ಕಳನ್ನು ಬಿಡುತ್ತೇನೆ, ಬರುವ ಶನಿವಾರವೇ ಕರೆದುಕೊಂಡು ಹೋಗಬೇಕು ಅಂದ. ಶನಿವಾರ ಯೆಹೂದಿಗಳಿಗೆ ಸಬ್ಬತ್, ಮಡಿವಂತರು ಪ್ರಯಾಣ ಮಾಡದ ದಿನ. ಇದ್ದದ್ದು ಕೆಲವೇ ದಿನ. ಡಿಸೆಂಬರ್ 10ರ ಶನಿವಾರ 600 ಮಕ್ಕಳ ರೈಲು ವಿಯೆನ್ನಾ ಬಿಟ್ಟಿತು.

ಮಗುವಿಗೊಂದು ಚಿಕ್ಕ ಸೂಟ್‌ಕೇಸು, ಹತ್ತು ಮಾರ್ಕ್ ದುಡ್ಡು. ಒಡವೆ, ಬೆಲೆಬಾಳುವ ವಸ್ತು ಒಯ್ಯುವಂತಿಲ್ಲ. ಕತ್ತಿಗೆ ನಂಬರಿನ ಚೀಟಿ. ಎಷ್ಟೋ ಕಡೆ ತಂದೆತಾಯಿಯರನ್ನು ಪ್ಲಾಟ್‌ಫಾರ್ಮಿಗೆ ಬಿಡಲಿಲ್ಲ. ಅತ್ತು ಕರೆದು ರಂಪವಾಗಬಾರದೆಂದು ವಿದಾಯವನ್ನೆಲ್ಲ ಒಳಗಿನ ಕೋಣೆಯಲ್ಲೇ ಮುಗಿಸಬೇಕಿತ್ತು.

ಜರ್ಮನ್ನಿನಲ್ಲಿ ಬೀಳ್ಕೊಡುವಾಗ ಅನ್ನುವ ಮಾತು 'ಆಫ್ ವೀಡರ್‌ಜೇನ್'. ಮತ್ತೆ ಕಾಣುವವರೆಗೆ ಎಂದು ಅರ್ಥ. ನಮ್ಮಲ್ಲೂ ಹಾಗೆಯೇ ಅಲ್ಲವೇ, ಹೊಸಿಲು ದಾಟುವಾಗ ಯಾರೂ ಹೋಗ್ತೀನಿ ಅನ್ನುವುದಿಲ್ಲ. ಅಂದರೆ ಬೈಸಿಕೊಳ್ಳುತ್ತೇವೆ. ಹೋಗಿ ಬರ್ತೀನಿ ಅನ್ನಬೇಕು, ಒಳಗಿದ್ದವರು ಹೋಗಿ ಬಾ ಅನ್ನಬೇಕು. ಹತ್ತು ವರ್ಷದವಳಿದ್ದಾಗ ನನ್ನನ್ನು ವಸತಿ ಶಾಲೆಗೆ ಸೇರಿಸಿದರು. ತಗಡಿನ ಟ್ರಂಕು, ಅದರ ಮೇಲೆ ಬಿಳಿ ಬಣ್ಣದಲ್ಲಿ ನನ್ನ ಹೆಸರು, ಒಳಗೆ ಚಕ್ಕುಲಿ ಡಬ್ಬ. ತೀರ್ಥಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಅಮ್ಮ ಹೋಗಿ ಬಾ ಮಗಾ ಅಂದಳು. ಕಿಟಕಿಗೆ ಮುಖ ಒತ್ತಿ ನಾನು ಅತ್ತಿದ್ದು ದಸರಾ ರಜೆಗೆ ಇನ್ನೂ ನಾಲ್ಕು ತಿಂಗಳು ಇದೆಯಲ್ಲ ಅಂತ. ನಾಲ್ಕು ತಿಂಗಳು! ಆ ಅಳುವನ್ನು ಈ ಮಕ್ಕಳ ಅಳುವಿನ ಪಕ್ಕ ಇಡಲು ನನಗೆ ಮನಸ್ಸು ಬರುವುದಿಲ್ಲ. ಆದರೆ ಆ ಮಾತಿನೊಳಗಿನ ಭರವಸೆ ಎಷ್ಟು ಗಟ್ಟಿಯಾಗಿರುತ್ತದೆ ಎಂಬುದು ನನಗೆ ಗೊತ್ತಿರುವುದು ಆ ಬಸ್‌ಸ್ಟ್ಯಾಂಡಿನಿಂದಲೇ.

ಬರ್ಲಿನ್ನಿನ, ವಿಯೆನ್ನಾದ, ಪ್ರಾಗ್‌ನ ಅಮ್ಮಂದಿರು ಬಾಯಲ್ಲಿ ಏನೇ ಹೇಳಿರಲಿ, ಪೆಟ್ಟಿಗೆ ತುಂಬುವಾಗ ಕೈ ನಿಜ ಹೇಳಿಬಿಟ್ಟಿತ್ತು. ಬೇಗ ಬರುತ್ತೇವೆ ಎಂದವರು ಮಗುವಿಗೆ ಮುಂದೆ ಆಗಲಿ ಎಂದು ದೊಡ್ಡ ಅಳತೆಯ ಬಟ್ಟೆಗಳನ್ನು ಮಡಚಿ ಇಟ್ಟಿದ್ದರು.

ಬ್ರೆಸ್ಲಾವಿನ ಒಬ್ಬ ಹುಡುಗಿಯ ಕಥೆ ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ರೈಲು ಹತ್ತಿ ಕಿಟಕಿಯ ಪಕ್ಕ ಕೂತಿದ್ದಳು. ಕೆಳಗೆ ನಿಂತಿದ್ದ ಅಪ್ಪ ಅವಳ ಕೈ ಹಿಡಿದುಕೊಂಡಿದ್ದರು. ರೈಲು ಚಲಿಸಿತು. ಅಪ್ಪ ಕೈ ಬಿಡಲಿಲ್ಲ. ರೈಲಿನ ಜೊತೆ ನಡೆದರು, ಆಮೇಲೆ ಕಿಟಕಿಯಿಂದಲೇ ಅವಳನ್ನು ಎಳೆದು ಕೆಳಗಿಳಿಸಿಕೊಂಡರು. ಹುಡುಗಿ ಮನೆಗೆ ವಾಪಸಾದಳು. ಮುಂದೆ ಟೆರೇಸಿಯನ್‌ಸ್ಟಾಟ್, ಆಶ್ವಿಟ್ಸ್, ಬರ್ಗೆನ್-ಬೆಲ್ಸೆನ್ ಎಂಬ ನಾಜಿ ಕ್ಯಾಂಪುಗಳನ್ನು ಕಂಡಳು. ಬದುಕಿ ಉಳಿದು ಮುದುಕಿಯಾಗಿ ಇದನ್ನು ಹೇಳಿದಳು. ಆ ಅಪ್ಪನನ್ನು ತಪ್ಪಿತಸ್ಥನೆನ್ನಲು ನನ್ನಿಂದ ಆಗದು. ಆ ದಿನ ಅವರು ಮಾಡಿದ್ದನ್ನೇ ನಾನೂ ಮಾಡುತ್ತಿದ್ದೆನೇನೋ. ಮಾಡದೆ ಕೈ ಬಿಟ್ಟವರ ಎದೆ ಎಂಥದ್ದಿರಬೇಕು ಎಂದು ಈಗ ಯೋಚಿಸುತ್ತೇನೆ.

ನಾಜಿ ಕಾವಲುಗಾರರು ದಾರಿಯಲ್ಲಿ ಪೆಟ್ಟಿಗೆ ಕೆದಕಿ ನೋಡುತ್ತಿದ್ದರು. ಗಡಿ ದಾಟಿ ಹಾಲೆಂಡಿಗೆ ಬಂದರೆ ಪ್ಲಾಟ್‌ಫಾರ್ಮಿನಲ್ಲಿ ಡಚ್ ಹೆಂಗಸರು ಬಿಸಿ ಕೋಕೋ, ಬೆಣ್ಣೆ ಸವರಿದ ಬಿಳಿ ಬ್ರೆಡ್ಡು ಹಿಡಿದು ಕಾಯುತ್ತಿದ್ದರು. ಎಪ್ಪತ್ತು ವರ್ಷ ಆದಮೇಲೂ ಎಷ್ಟೋ ಜನರ ನೆನಪಿನಲ್ಲಿ ಆ ಕೋಕೋ ಹಾಗೇ ಉಳಿದಿತ್ತು. ಅಲ್ಲಿಂದ ರಾತ್ರಿಯ ಹಡಗಿನಲ್ಲಿ ಇಂಗ್ಲೆಂಡಿನ ಹಾರ್ವಿಚ್ ಬಂದರು. ಹಾರ್ವಿಚ್‌ನಿಂದ ರೈಲು ಬಂದು ನಿಲ್ಲುವುದು ನಾನು ದಿನಾ ಇಳಿಯುವ ಇದೇ ಲಿವರ್‌ಪೂಲ್ ಸ್ಟ್ರೀಟಿನಲ್ಲಿ. ಸಾಕಲು ಒಪ್ಪಿದವರು ಇಲ್ಲಿಗೆ ಬಂದು ಕಾಯುತ್ತಿದ್ದರು. ಹೆಸರು ಕೂಗುತ್ತಿದ್ದರು, ಮಗು ಏಳುತ್ತಿತ್ತು, ಗುರುತಿಲ್ಲದವರ ಕೈ ಹಿಡಿದು ಹೋಗುತ್ತಿತ್ತು.

ಯಾರೂ ಗೊತ್ತಾಗಿಲ್ಲದ ಮಕ್ಕಳಿಗೆ ಹಾರ್ವಿಚ್ ಪಕ್ಕದ ಡವರ್‌ಕೋರ್ಟ್ ಎಂಬಲ್ಲಿ ಬೇಸಿಗೆಯ ಮೋಜಿಗೆಂದು ಕಟ್ಟಿದ್ದ ಮರದ ಗುಡಿಸಲುಗಳಲ್ಲಿ ವಸತಿ. ಆ ಡಿಸೆಂಬರಿನ ಚಳಿ ಭೀಕರವಾಗಿತ್ತು, ಕೋಟು ಹಾಕಿಕೊಂಡೇ ಮಲಗುತ್ತಿದ್ದರಂತೆ. ವಾರದ ಕೊನೆಯಲ್ಲಿ ಜನ ಬಂದು ಮಕ್ಕಳು ಊಟ ಮಾಡುವಾಗ ಸಾಲುಗಳ ನಡುವೆ ಓಡಾಡಿ ಆರಿಸಿಕೊಳ್ಳುತ್ತಿದ್ದರು. ಹೊಂಬಣ್ಣದ ಕೂದಲಿನ ಪುಟ್ಟ ಹುಡುಗಿಯರು ಮೊದಲು ಹೋದರು. ಮೀಸೆ ಚಿಗುರುತ್ತಿದ್ದ ಹುಡುಗರು ವಾರಗಟ್ಟಲೆ ಉಳಿದರು. ದನದ ಸಂತೆ ಎಂದು ಆ ಮಕ್ಕಳೇ ಅದನ್ನು ಕರೆದರು. ಅಣ್ಣ ಒಂದು ಊರಿಗೆ, ತಂಗಿ ಇನ್ನೊಂದಕ್ಕೆ ಹೋದದ್ದೂ ಉಂಟು. ಸಾಕಿದವರಲ್ಲಿ ದೇವರಂಥವರಿದ್ದರು, ಮನೆಗೆಲಸಕ್ಕೆ ಬಿಟ್ಟಿ ಕೈ ಸಿಕ್ಕಿತೆಂದುಕೊಂಡವರೂ ಇದ್ದರು.

ಪ್ರಾಗ್‌ನಿಂದ 669 ಮಕ್ಕಳನ್ನು ಕರೆಸಿದ ನಿಕೋಲಸ್ ವಿಂಟನ್ ಅವರ ಕಥೆ ವಾಟ್ಸಾಪಿನಲ್ಲಿ ಎಲ್ಲರಿಗೂ ಬಂದಿರುತ್ತದೆ, ಇಲ್ಲಿ ಮತ್ತೆ ಹೇಳುವುದಿಲ್ಲ. ಅವರೊಂದಿಗೆ, ಅಪಾಯ ಹೆಚ್ಚಿದ್ದ ಪ್ರಾಗ್‌ನಲ್ಲೇ ನಿಂತು ದುಡಿದ ಡೋರೀನ್ ವಾರಿನರ್, ಟ್ರೆವರ್ ಚಾಡ್ವಿಕ್ ಇವರ ಹೆಸರನ್ನೂ ನೆನೆಯಬೇಕು. ಮತ್ತೆ 1939ರ ಸೆಪ್ಟೆಂಬರ್ 1ಕ್ಕೆ ಹೊರಡಬೇಕಿದ್ದ ರೈಲು. ಅದರಲ್ಲಿ 250 ಮಕ್ಕಳು ಹೋಗಬೇಕಿತ್ತು. ಅಂದೇ ಯುದ್ಧ ಶುರುವಾಯಿತು, ರೈಲು ಹೊರಡಲಿಲ್ಲ.

ನನ್ನನ್ನು ತುಂಬ ಕಾಡಿದ್ದು ಇಲ್ಲಿಗೆ ಬಂದು ಮುಟ್ಟಿದ ಮೇಲಿನ ಸಂಗತಿ. ದೊಡ್ಡವರಿಗೆ ಬ್ರಿಟನ್ನಿಗೆ ಬರಲು ಇದ್ದ ಕೆಲವೇ ದಾರಿಗಳಲ್ಲಿ ಮನೆಗೆಲಸದ ವೀಸಾ ಒಂದು. ಅಡುಗೆಯವರು, ಕೆಲಸದಾಕೆ, ತೋಟದ ಮಾಲಿ ಬೇಕೆಂದು ಇಲ್ಲಿಯ ಒಂದು ಮನೆಯವರು ಬರೆದುಕೊಟ್ಟರೆ ಆಯಿತು. ಸುಮಾರು 20,000 ಮಂದಿ, ಬಹುಪಾಲು ಹೆಂಗಸರು, ಹಾಗೆ ಬಂದು ಉಳಿದರು. ಇದು ಈ ಮಕ್ಕಳ ಕಿವಿಗೂ ಬಿತ್ತು. ಹೊರಡುವಾಗ ಅಪ್ಪ ಅಮ್ಮ ಕಿವಿಯಲ್ಲಿ ಹೇಳಿಯೂ ಕಳಿಸಿದ್ದರು. ಹತ್ತು, ಹನ್ನೊಂದು ವರ್ಷದ ಮಕ್ಕಳು ಶಾಲೆ ಬಿಟ್ಟ ಮೇಲೆ ಊರಿನ ಶ್ರೀಮಂತರ ಮನೆಗಳ ಬಾಗಿಲು ಬಡಿದರು. ಬಾಯಿಪಾಠ ಮಾಡಿಕೊಂಡ ಇಂಗ್ಲಿಷಿನಲ್ಲಿ ಕೇಳಿದರು: ನಿಮಗೆ ಅಡುಗೆಯವಳು ಬೇಕಾ? ನನ್ನ ಅಮ್ಮ ಚೆನ್ನಾಗಿ ಅಡುಗೆ ಮಾಡುತ್ತಾಳೆ. ಡಾಕ್ಟರ, ವಕೀಲ, ಬ್ಯಾಂಕಿನವನಾಗಿದ್ದ ಅಪ್ಪನನ್ನು ಮಗ ತೋಟದ ಮಾಲಿಯೆಂದು ಪರಿಚಯಿಸಿದ. ಕೆಲವರು ಒಪ್ಪಿದರು, ಕೆಲವು ಅಪ್ಪ ಅಮ್ಮಂದಿರು ಹಾಗೆ ಬಂದರು. ಕೆಲವರ ಕಾಗದ ಸಿದ್ಧವಾದದ್ದು 1939ರ ಆಗಸ್ಟಿನ ಕೊನೆಗೆ, ಟಿಕೆಟ್ಟು ಸೆಪ್ಟೆಂಬರಿಗೆ. ಸೆಪ್ಟೆಂಬರ್ 3ರಂದು ಬ್ರಿಟನ್ ಯುದ್ಧ ಘೋಷಿಸಿದಾಗ ಆ ಕಾಗದಗಳು ಬರೀ ಕಾಗದಗಳಾದವು. ತಾನು ಇನ್ನೂ ಒಂದು ಮನೆಯ ಬಾಗಿಲು ಬಡಿದಿದ್ದರೆ ಎನ್ನುವ ಕೊರಗನ್ನು ತೊಂಬತ್ತರ ಮುಪ್ಪಿನವರೆಗೂ ಹೊತ್ತವರಿದ್ದಾರೆ. ಆ ಹೊರೆಯನ್ನು ಹನ್ನೊಂದು ವರ್ಷದ ಹೆಗಲಿಗೆ ದಾಟಿಸಿದ್ದು ಒಂದು ದೇಶದ ವೀಸಾ ನಿಯಮ. ಇದನ್ನು ಬರೆಯುವಾಗ ನನಗೆ ಈಗಲೂ ಸಿಟ್ಟು ಬರುತ್ತದೆ.

ಯುದ್ಧಕ್ಕೆ ಮುಂಚೆ ಕಾಗದಗಳು ಬರುತ್ತಿದ್ದವು. ಆಮೇಲೆ ಉಳಿದದ್ದು ರೆಡ್‌ಕ್ರಾಸ್ ಚೀಟಿ. ಜಿನೀವಾ ಸುತ್ತಿಕೊಂಡು ತಿಂಗಳುಗಟ್ಟಲೆ ತಡವಾಗಿ ಬರುವ ಆ ಚೀಟಿಯಲ್ಲಿ 25 ಪದ ಮಾತ್ರ. ಉತ್ತರ ಅದರ ಬೆನ್ನಿಗೇ ಬರೆಯಬೇಕು. ನನ್ನ ಹಾಸ್ಟೆಲಿಗೆ ಅಮ್ಮ ಇನ್‌ಲ್ಯಾಂಡ್ ಲೆಟರ್ ಬರೆಯುತ್ತಿದ್ದಳು. ಮೂರು ಮಗ್ಗುಲೂ ತುಂಬಿ, ಮಡಚಿ ಅಂಟಿಸುವ ಅಂಚಿನಲ್ಲೂ ಅಡ್ಡಡ್ಡ ಬರೆದು, ಕರು ಹಾಕಿದ್ದು, ಅಡಿಕೆ ಕೊಯ್ಲು, ಅಜ್ಜಿಯ ಕೆಮ್ಮು ಎಲ್ಲ ಇರುತ್ತಿತ್ತು. ಒಂದು ಸಂಜೆ ಕೂತು ನಾನೂ 25 ಪದದಲ್ಲಿ ಮಗನಿಗೊಂದು ಕಾಗದ ಬರೆಯಲು ನೋಡಿದೆ. ನಾವಿಲ್ಲಿ ಕ್ಷೇಮ, ನಿನ್ನ ಕ್ಷೇಮಕ್ಕೆ ಬರೆ, ಹೊತ್ತಿಗೆ ಸರಿಯಾಗಿ ಊಟ ಮಾಡು, ಚಳಿಗೆ ಸ್ವೆಟರ್ ಹಾಕಿಕೋ ಅನ್ನುವಷ್ಟರಲ್ಲಿ ಹೆಚ್ಚುಕಡಿಮೆ ಅರ್ಧ ಮುಗಿದಿತ್ತು. ಕನ್ನಡದಲ್ಲಿ ಪ್ರತ್ಯಯ ಎಲ್ಲ ಪದಕ್ಕೇ ಅಂಟುವುದರಿಂದ ನಮಗೆ ಸ್ವಲ್ಪ ಉಳಿತಾಯವೇ. ಆದರೂ ಉಳಿದ ಪದಗಳನ್ನು ಯಾವುದಕ್ಕೆ ಖರ್ಚು ಮಾಡಲಿ ಎಂದು ಪೆನ್ನು ಕೆಳಗಿಟ್ಟೆ. ಆ ತಾಯಂದಿರು ಖರ್ಚು ಮಾಡಿದ್ದು ಹೆಚ್ಚಾಗಿ ಇಂಥದ್ದಕ್ಕೇ: ಆರೋಗ್ಯವಾಗಿದ್ದೇವೆ, ಒಳ್ಳೆಯ ಮಗುವಾಗಿರು, ಮುತ್ತುಗಳು. 1941ರ ಕೊನೆಯಿಂದ, 1942ರಲ್ಲಿ, ಬೇರೆ ಕಡೆ ಹೊರಟಿದ್ದೇವೆ ಎನ್ನುವ ಸುದ್ದಿ. ಆಮೇಲೆ ಚೀಟಿ ಬರುವುದು ನಿಂತಿತು. ಬಂದ ಮಕ್ಕಳಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ತಂದೆತಾಯಿಯನ್ನು ಮತ್ತೆ ಕಾಣಲಿಲ್ಲ.

ಕಂಡವರ ಕಥೆ ಸುಖಾಂತವೆಂದುಕೊಂಡಿದ್ದೆ. ಎಷ್ಟೋ ಕಡೆ ಹಾಗಾಗಲಿಲ್ಲ, ಅದಕ್ಕೆ ಕಾರಣ ಭಾಷೆ. ಬ್ರಿಟನ್ನಿಗೆ ಬಂದ ನಿರಾಶ್ರಿತರಿಗೆ ಇಲ್ಲಿಯ ಯೆಹೂದಿ ಸಂಸ್ಥೆಗಳೇ ಒಂದು ಕಿರುಪುಸ್ತಕ ಹಂಚಿದ್ದವು. ಬೀದಿಯಲ್ಲಿ, ಬಸ್ಸಿನಲ್ಲಿ, ಹೋಟೆಲಿನಲ್ಲಿ ಜರ್ಮನ್ ಮಾತಾಡಬೇಡಿ, ನಿರರ್ಗಳ ಜರ್ಮನ್‌ಗಿಂತ ತಡವರಿಸುವ ಇಂಗ್ಲಿಷೇ ಮೇಲು, ಜೋರು ದನಿಯಲ್ಲಂತೂ ಬೇಡ ಎನ್ನುವ ಬುದ್ಧಿವಾದ ಅದರಲ್ಲಿತ್ತು. ಯುದ್ಧ ಶುರುವಾದ ಮೇಲೆ ಅದು ಶತ್ರುವಿನ ಭಾಷೆಯೂ ಆಯಿತು. ಜೋಗುಳದ ಭಾಷೆ, ಬೈಗುಳದ ಭಾಷೆ, ಅಮ್ಮನ ಕಾಗದದ ಭಾಷೆ ಮಗುವಿನ ಬಾಯಲ್ಲೇ ಒಣಗಿತು. ಆರೇಳು ವರ್ಷದ ಮೇಲೆ ಬದುಕುಳಿದ ತಾಯಿ ಬಂದು ನಿಂತಾಗ ಅವಳಿಗೆ ಇಂಗ್ಲಿಷ್ ಬಾರದು, ಮಗುವಿಗೆ ಜರ್ಮನ್ ಉಳಿದಿಲ್ಲ. ನಡುವೆ ದುಭಾಷಿ ಕೂತು ತಾಯಿಮಗುವಿಗೆ ಮಾತು ದಾಟಿಸಿದ್ದುಂಟು. ಸಾಕಿದ ಮನೆಯ ಅಮ್ಮನ ಸೆರಗಿನ ಹಿಂದೆ ಅಡಗಿದ ಮಕ್ಕಳುಂಟು.

ನನ್ನ ಎಂಟು ವರ್ಷದ ಮಗ ಬಸ್ಸಿನಲ್ಲಿ ನನ್ನ ಕನ್ನಡಕ್ಕೆ ಇಂಗ್ಲಿಷಿನಲ್ಲಿ ಉತ್ತರಿಸುತ್ತಾನೆ. ಯಾರೂ ಅವನಿಗೆ ಹೆದರಿಸಿಲ್ಲ, ಅಜ್ಜಿ ಇದ್ದಾಗ ಮನೆಯಲ್ಲಿ ಅವಳ ಜೊತೆ ಕನ್ನಡವೇ. ಆದರೂ ಆ ಕಿರುಪುಸ್ತಕದ ಬಗ್ಗೆ ಓದಿದ ಮೇಲೆ ನಾನು ಬಸ್ಸಿನಲ್ಲಿ ದನಿ ತಗ್ಗಿಸುವುದನ್ನು ಬಿಟ್ಟಿದ್ದೇನೆ.

'ಕಿಂಡರ್' ಅಂದರೆ ಜರ್ಮನ್ನಿನಲ್ಲಿ ಮಕ್ಕಳು. ಈ ರೈಲುಗಳ ಹೆಸರೇ ಕಿಂಡರ್‌ಟ್ರಾನ್ಸ್‌ಪೋರ್ಟ್. ನಮ್ಮೂರಿನ ಕಿಂಡರ್‌ಗಾರ್ಟನ್ನಿನಲ್ಲೂ, ಮಗ ಹಟ ಮಾಡುವ ಕಿಂಡರ್ ಜಾಯ್‌ನಲ್ಲೂ ಇರುವುದು ಇದೇ ಪದ. ಬಂದವರು ಎಂಬತ್ತು ದಾಟಿದ ಮೇಲೂ ತಮ್ಮನ್ನು ಕರೆದುಕೊಂಡದ್ದು ಕಿಂಡರ್ ಎಂದೇ. ಅವರಲ್ಲೊಬ್ಬರು ವಿಯೆನ್ನಾದ ವಾಲ್ಟರ್ ಕೋನ್. 1940ರಲ್ಲಿ ಇದೇ ಬ್ರಿಟನ್ ಹದಿನಾರು ದಾಟಿದ ಇಂಥ ಹುಡುಗರನ್ನು ಶತ್ರುದೇಶದವರೆಂದು ಹಿಡಿದು ಕೂಡಿಹಾಕಿದಾಗ ಅವರೂ ಸಿಕ್ಕಿಬಿದ್ದು ಕೆನಡಾದ ಕ್ಯಾಂಪಿಗೆ ಸಾಗಿಸಲ್ಪಟ್ಟರು. 1998ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ತಂದೆತಾಯಿ ನಾಜಿಗಳ ಕೈಯಲ್ಲಿ ಸತ್ತು ಆಗ ಐವತ್ತು ವರ್ಷದ ಮೇಲಾಗಿತ್ತು. ಬದುಕಿದ್ದ ಕಿಂಡರ್‌ಗೆ ತಲಾ 2,500 ಯೂರೋ ಕೊಡಲು ಜರ್ಮನಿ ಒಪ್ಪಿದ್ದು 2018ರ ಡಿಸೆಂಬರಿನಲ್ಲಿ.

ಲಿವರ್‌ಪೂಲ್ ಸ್ಟ್ರೀಟಿನ ಐದು ಮಕ್ಕಳನ್ನು ಮಾಡಿದ ಶಿಲ್ಪಿ ಫ್ರಾಂಕ್ ಮೈಸ್ಲರ್ ಕೂಡ ಕಿಂಡರ್. 1939ರ ಆಗಸ್ಟಿನಲ್ಲಿ ಡಾನ್ಸಿಗ್‌ನಿಂದ ಹೊರಟವರು. ಅವರು ಹೊರಟ ಮೂರು ದಿನಕ್ಕೆ ತಂದೆತಾಯಿಯ ಬಂಧನವಾಯಿತು, ಮುಂದೆ ಅವರ ಕೊನೆ ಆಶ್ವಿಟ್ಸ್‌ನಲ್ಲಿ. ಇಳಿವಯಸ್ಸಿನಲ್ಲಿ ಮೈಸ್ಲರ್ ಲಂಡನ್, ಬರ್ಲಿನ್, ಡಾನ್ಸಿಗ್, ಹೂಕ್ ಆಫ್ ಹಾಲೆಂಡ್ ಹೀಗೆ ರೈಲು ಹಾದ ದಾರಿಯುದ್ದಕ್ಕೂ ಮಕ್ಕಳ ಕಂಚಿನ ಪ್ರತಿಮೆಗಳನ್ನು ನಿಲ್ಲಿಸಿದರು. ಲಂಡನ್ನಿನದು 2006ರದ್ದು. ಅದರಲ್ಲಿ ದೊಡ್ಡವರು ಯಾರೂ ಇಲ್ಲ. ಅಮ್ಮನಿಗೆ ಮೊದಲ ನೋಟಕ್ಕೇ ಕಂಡದ್ದು ಅದು.

ಪ್ರಾಗ್‌ನಿಂದ ಆರನೇ ವಯಸ್ಸಿನಲ್ಲಿ ಹೀಗೇ ಬಂದ ಆಲ್ಫ್ ಡಬ್ಸ್ ಮುಂದೆ ಇಲ್ಲಿಯ ಮೇಲ್ಮನೆಯ ಸದಸ್ಯರಾದರು. ಯೂರೋಪಿನಲ್ಲಿ ಒಂಟಿಯಾಗಿ ಅಲೆಯುತ್ತಿರುವ ನಿರಾಶ್ರಿತ ಮಕ್ಕಳನ್ನು ಕರೆಸಿಕೊಳ್ಳಿ ಎಂದು 2016ರಲ್ಲಿ ಅವರು ಕಾನೂನಿಗೆ ತಿದ್ದುಪಡಿ ಮಾಡಿಸಿದರು. 480ಕ್ಕೆ ಸರ್ಕಾರ ಬಾಗಿಲು ಹಾಕಿತು. ಒಂಟಿಯಾಗಿ ಬಂದು ಇಲ್ಲಿ ಆಶ್ರಯ ಪಡೆದ ಮಗುವಿಗೆ ತನ್ನ ಅಪ್ಪ ಅಮ್ಮನನ್ನು ಕರೆಸಿಕೊಳ್ಳುವ ಹಕ್ಕನ್ನು ಬ್ರಿಟನ್ನಿನ ವಲಸೆ ನಿಯಮ ಇವತ್ತಿಗೂ ಕೊಟ್ಟಿಲ್ಲ.

ನವೆಂಬರಿನಲ್ಲಿ ಅಮ್ಮ ಊರಿಗೆ ಹೊರಟಳು. ಹೀಥ್ರೋಗೆ ಎಲಿಜಬೆತ್ ಲೈನ್ ಹಿಡಿಯಲು ಲಿವರ್‌ಪೂಲ್ ಸ್ಟ್ರೀಟಿಗೇ ಬಂದೆವು. ಎರಡು ಸೂಟ್‌ಕೇಸು, ಒಂದು ಕೈಚೀಲ, ಮೊಮ್ಮಗ ಬರೆದುಕೊಟ್ಟ ಚಿತ್ರ. ಹೊತ್ತಿತ್ತು, ಹೊರಗೆ ಹೋಗಿ ನಿಂತೆವು.

"ಅಮ್ಮ, ಅವತ್ತು ನೀನು ಕೇಳಿದ್ಯಲ್ಲ. ಈ ಕಡೆಯೋರೂ ಬಿಡಲಿಲ್ಲ."

"ಗೊತ್ತಾಯ್ತು ಬಿಡು" ಅಂದಳು. "ನೀನು ರಾತ್ರಿಯೆಲ್ಲ ಓದ್ತಾ ಕೂತಾಗಲೇ ಗೊತ್ತಾಯ್ತು."

ಕಂಚಿನ ಸೂಟ್‌ಕೇಸಿನ ಮೇಲೆ ಯಾರೋ ಕಾಫಿ ಕುಡಿದು ಪೇಪರ್ ಕಪ್ ಇಟ್ಟು ಹೋಗಿದ್ದರು. ಅಮ್ಮ ಅದನ್ನು ಎತ್ತಿದಳು. ಕೆಳಗೆ ಉಳಿದಿದ್ದ ಉಂಗುರದ ಕಲೆಯನ್ನು ಶಾಲಿನ ತುದಿಯಿಂದ ಒರೆಸಿದಳು. ಕಪ್ಪು ಎಸೆಯಲು ಸುತ್ತ ನೋಡಿದೆ, ಹತ್ತಿರದಲ್ಲಿ ಕಸದ ಡಬ್ಬಿ ಕಾಣಲಿಲ್ಲ. ಕೊಡು ಇಲ್ಲಿ ಅಂದರೂ ಕೊಡಲಿಲ್ಲ. ರೈಲು ಹತ್ತಿ ಕೂತ ಮೇಲೂ ಅದು ಅವಳ ಕೈಯಲ್ಲೇ ಇತ್ತು.